ವೈಜನಾಥರು ಜರ್ಮನ್ ಡಿಕ್ಷನರಿ ಆರಿಸಿದ್ದು

ವೈಜನಾಥರಿಗೆ ಜರ್ಮನ್ ಬರುತ್ತದೆ ಎಂಬ ಮಾತು ಹೇಗೆ ಹುಟ್ಟಿತೆಂದು ಸ್ವತಃ ವೈಜನಾಥರಿಗೂ ಈಗ ಸರಿಯಾಗಿ ನೆನಪಿಲ್ಲ. ಬಹುಶಃ ಅವರೇ ಹುಟ್ಟಿಸಿರಬೇಕು.

ಹೈದರಾಬಾದಿನ ಕುಷಾಯಿಗೂಡದಲ್ಲಿ ಯಂತ್ರಭಾಗಗಳನ್ನು ಮಾಡುವ ಒಂದು ಕಾರ್ಖಾನೆಯ ಸ್ಟೋರಿಗೆ ಅವರು ಮೇಲ್ವಿಚಾರಕರು. ಹಿಂದೊಮ್ಮೆ ಆ ಕಾರ್ಖಾನೆಗೆ ಜರ್ಮನಿಯಿಂದ ಒಂದು ಯಂತ್ರ ಬಂತು. ಅದರ ಬೆನ್ನಿಗೆ ಅದನ್ನು ಜೋಡಿಸಿ ಕೊಡಲು ಒಬ್ಬ ಎಂಜಿನಿಯರನೂ ಬಂದ. ಅವನಿಗೆ ನಟ್ಟು, ಬೋಲ್ಟು, ಎಣ್ಣೆ, ಚಹ ಒದಗಿಸುವ ಕೆಲಸ ವೈಜನಾಥರ ಪಾಲಿಗೆ ಬಿತ್ತು. ಎಂಜಿನಿಯರ್ ಯಂತ್ರ ಕೂಡಿಸಿ, ಹೊಟ್ಟೆ ಕೆಡಿಸಿಕೊಂಡು, ತನ್ನ ದೇಶಕ್ಕೆ ಹೋದ. ವೈಜನಾಥರ ಹತ್ತಿರ ಅವನ ಮೂರು ಶಬ್ದಗಳು ಉಳಿದವು. ಬೆಳಗಿನ ನಮಸ್ಕಾರಕ್ಕೆ 'ಗುಟೆನ್ ಮಾರ್ಗೆನ್', ನಟ್ಟಿಗೆ 'ಮುಟ್ಟರ್', ಕೆಟ್ಟುಹೋದದ್ದಕ್ಕೆ 'ಕಪುಟ್'. ಇಷ್ಟೇ ಬಂಡವಾಳ. ಆದರೆ ಮದುವೆ, ಕುಬಸ, ಗೃಹಪ್ರವೇಶ ಎಲ್ಲಿಯೇ ಆಗಲಿ, ಊಟದ ಸಾಲಿನಲ್ಲಿ ಕೂತೊಡನೆ ಅವರು "ನಾ ಜರ್ಮನ್‌ರ ಜೋಡಿ ಇದ್ದಾಗ..." ಎಂದು ಮಾತು ಎತ್ತುತ್ತಿದ್ದರು. ಕೇಳುವವರಲ್ಲಿ ಒಬ್ಬರಿಗೂ ಜರ್ಮನ್ ಬಾರದೆ ಇದ್ದುದರಿಂದ ವಿದ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ಹೀಗಿರಲಾಗಿ ಒಂದು ಭಾನುವಾರ ಅವರ ಹೆಂಡತಿ ಸುಂದರಾಬಾಯಿಯ ಅಣ್ಣ ಗುರುಬಸವ ಮನೆಗೆ ಬಂದ. ಬೇಗಂ ಬಜಾರಿನಲ್ಲಿ ಮೆಣಸಿನಕಾಯಿ, ಜೀರಿಗೆ, ಅರಿಶಿನದ ಸಗಟು ವ್ಯಾಪಾರಿ. ಅವನ ಮಗಳು ರಶ್ಮಿ ಆಸ್ಪತ್ರೆಯೊಂದರಲ್ಲಿ ನರ್ಸು. ಜರ್ಮನಿಯ ಆಸ್ಪತ್ರೆಗಳಲ್ಲಿ ನರ್ಸುಗಳು ಬೇಕಾಗಿದ್ದಾರೆಂದು ಕೇಳಿ, ಡ್ಯೂಟಿ ಮುಗಿದ ಮೇಲೆ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು.

"ವೈಜನಾಥವ್ರ, ಹುಡುಗಿಗೆ ದೊಡ್ಡ ಡಿಕ್ಷನರಿ ಬೇಕಂತ ಮಾಸ್ತರರು ಹೇಳ್ಯಾರ," ಎಂದ ಗುರುಬಸವ. "ಜರ್ಮನ್‌ದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಜರ್ಮನ್‌ಗೆ, ಎರಡೂ ಇರಬೇಕಂತ. ನನಗ ಮೆಣಸಿನಕಾಯಿ ತಿಳೀತೈತಿ, ಪುಸ್ತಕ ತಿಳ್ಯಾಂಗಿಲ್ಲ. ನೀವು ಆರಿಸಿ ಕೊಡ್ರಿ. ಖರೇ ಹೇಳ್ತೀನಿ, ಮಗಳನ್ನ ಅಷ್ಟು ದೂರ ಕಳಸಾಕ ನನಗ ಮನಸಿಲ್ಲ. ನೀವು ಜರ್ಮನ್‌ರ ಜೋಡಿ ಇದ್ದವ್ರು, ನೀವು ಹೂಂ ಅಂದ್ರ ಹೋಗ್ಲಿ. ಊಹೂಂ ಅಂದ್ರ ಇಲ್ಲೇ ಒಂದು ಗಂಡು ನೋಡಿ ಮುಗಸೂಣು."

ವೈಜನಾಥರು ಕನ್ನಡಕ ತೆಗೆದು ಒರೆಸಿದರು. "ಡಿಕ್ಷನರಿ ಅಂದ್ರ ಸಣ್ಣ ಮಾತಲ್ಲ ಭಾವಾರ. ನಾನ ಹೋಗ್ತೀನಿ."

ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು. ಸುಂದರಾಬಾಯಿಯ ಅಭಿಪ್ರಾಯ ಅಷ್ಟೇ.

ಕೋಠಿಯಲ್ಲಿ ಮಲ್ಲಣ್ಣನ ಪುಸ್ತಕದಂಗಡಿ. ಮಲ್ಲಣ್ಣ ನಾರಾಯಣಪೇಟೆಯವನು, ಕನ್ನಡ ಬಲ್ಲವನು. ಬೆಳಗಿನಿಂದ ಸಂಜೆಯವರೆಗೆ ಎಂಜಿನಿಯರಿಂಗ್ ಹುಡುಗರಿಗೆ ಹಳೆಯ ಗೈಡು ಮಾರಿ ಮಾರಿ ಅವನ ಮುಖವೇ ಸೆಕೆಂಡ್ ಹ್ಯಾಂಡ್ ಪುಸ್ತಕದಂತೆ ಆಗಿತ್ತು.

"ಎರಡೂ ಕಡೆಯದು ಕೊಡು," ಎಂದರು ವೈಜನಾಥರು. "ಹೋಗೋದೂ ಇರಬೇಕು, ಬರೋದೂ ಇರಬೇಕು."

"ರಿಟರ್ನ್ ಟಿಕೀಟಾ ಸರ?" ಎಂದ ಮಲ್ಲಣ್ಣ, ಒಂದರ ಮೇಲೊಂದು ಡಿಕ್ಷನರಿ ಇಟ್ಟ.

ವೈಜನಾಥರು ಮೊದಲು ಎಲ್ಲವನ್ನೂ ಎತ್ತಿ ತೂಗಿ ನೋಡಿದರು. ಹಗುರವಾದವನ್ನು ಬದಿಗೆ ಸರಿಸಿದರು. ಆಮೇಲೆ ಭಾರವಾದವುಗಳಲ್ಲಿ ಒಂದನ್ನು ಬಿಚ್ಚಿ ತಮಗೆ ಗೊತ್ತಿದ್ದ ಶಬ್ದದಿಂದ ಪರೀಕ್ಷೆ ಮಾಡಿದರು. 'ಮುಟ್ಟರ್' ಹುಡುಕಿದರು. ಅದರ ಮುಂದೆ 'ತಾಯಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮುಂದಿನ ಸಾಲು ಓದುವ ಗೋಜಿಗೆ ಹೋಗದೆ ಪುಸ್ತಕ ಮುಚ್ಚಿದರು.

"ನಟ್ಟಿಗೆ ತಾಯಿ ಅಂತ ಬರದಾರ! ಇದನ್ನ ಓದಿ ಯಂತ್ರ ಬಿಚ್ಚಿದ್ರ ಏನಾದೀತು?"

ಇನ್ನೊಂದನ್ನು ತೆಗೆದರು. ಅದರಲ್ಲೂ ತಾಯಿ. ಮೂರನೆಯದರಲ್ಲೂ ತಾಯಿ. ವೈಜನಾಥರ ಮುಖ ಗಂಭೀರವಾಯಿತು.

ಮಲ್ಲಣ್ಣನಿಗೆ ಊಟದ ಹೊತ್ತಾಗಿತ್ತು. ಮೇಲಿನ ಹಲಗೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಆಗಿದ್ದ, ಎಲ್ಲಕ್ಕಿಂತ ದಪ್ಪನೆಯ ಒಂದನ್ನು ಇಳಿಸಿದ. ಹೊದಿಕೆಯ ಮೇಲೆ ಇಂಗ್ಲಿಷಿನಲ್ಲಿ 'ಜರ್ಮನ್ ಡಿಕ್ಷನರಿ' ಎಂದು ಬಂಗಾರದ ಅಕ್ಷರವಿತ್ತು. "ಇದನ್ನ ಬಿಚ್ಚಂಗಿಲ್ಲ ಸರ. ಬಿಚ್ಚಿದ್ರ ತಗೋಬೇಕು."

ಬಿಚ್ಚಿ ನೋಡದ ಪುಸ್ತಕದಲ್ಲಿ ತಪ್ಪು ಸಿಕ್ಕುವುದಿಲ್ಲ. ವೈಜನಾಥರಿಗೆ ಅದೇ ಸರಿ ಎನ್ನಿಸಿತು.

ಸಂಜೆ ಪುಸ್ತಕ ಬಿಚ್ಚುವ ಸಮಾರಂಭಕ್ಕೆ ಮೇಲಿನ ಮನೆಯ ಹಣಮಂತರಾಯರು ಬಂದರು. ರಾಯಚೂರಿನ ಖಜಾನೆ ಕಚೇರಿಯಲ್ಲಿ ಇದ್ದು ನಿವೃತ್ತರಾಗಿ, ಮಗನ ಮನೆಯಲ್ಲಿ ಇರುವವರು. ಇಡೀ ನೌಕರಿಯಲ್ಲಿ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದ ಅಭ್ಯಾಸ ಬಿಡಲಾರದೆ, ಈಗ ಲಗ್ನಪತ್ರಿಕೆಗಳಲ್ಲಿ ಹುಡುಕುತ್ತಿದ್ದರು. ವೈಜನಾಥರು ಪ್ಲಾಸ್ಟಿಕ್ ಹರಿದು ಮೊದಲ ಪುಟ ತೆರೆದದ್ದೇ ತಡ, ಹಣಮಂತರಾಯರ ಬೆರಳು ಅದರ ಮೇಲೆ ಬಂದು ಕೂತಿತು.

"ಇದೇನ್ರಿ? ಇಂಗ್ಲಿಷ್ ಅನ್ನೋದರ ಸ್ಪೆಲಿಂಗ್ ನೋಡ್ರಿ. ಎಸ್ ಆದಮ್ಯಾಲೆ ಒಂದು ಸಿ ಬಂದು ಕುಂತೈತಿ! ಡಿಕ್ಷನರಿಯವನಿಗೇ ಇಂಗ್ಲಿಷ್ ಅಂತ ಬರಿಯಾಕ ಬರೂದಿಲ್ಲ?"

ವೈಜನಾಥರು ಬಗ್ಗಿ ನೋಡಿದರು. ಹೌದು, ಒಂದು ಸಿ ಇತ್ತು.

"ಅದರ ಬಾಜು ನೋಡ್ರಿ," ಹಣಮಂತರಾಯರ ದನಿ ಏರಿತು. "ಡಾಯಿಚ್ ಅಂತ ಐತಿ. ಡಾಯಿಚ್ ಅಂದ್ರ ಡಚ್. ಡಚ್ ಅಂದ್ರ ಹಾಲೆಂಡ್! ಹೊರಗ ಜರ್ಮನ್ ಬೋರ್ಡು, ಒಳಗ ಹಾಲೆಂಡ್ ಮಾಲು. ನೀವು ಜರ್ಮನ್ ಬಲ್ಲವ್ರು, ನೀವ ಹೇಳ್ರಿ, ಇದು ಮೋಸ ಹೌದೋ ಅಲ್ಲೋ?"

ಮನುಷ್ಯನ ಬಾಳಿನಲ್ಲಿ ಕೆಲವು ಕ್ಷಣಗಳು ಬರುತ್ತವೆ. 'ನನಗೆ ಗೊತ್ತಿಲ್ಲ' ಎಂಬ ಎರಡೇ ಶಬ್ದ ಅಂದರೆ ಸಾಕು, ಊಟ ಮಾಡಿ ಮಲಗಬಹುದು. ವೈಜನಾಥರು ಕಣ್ಣು ಕಿರಿದು ಮಾಡಿ, "ನನಗ ಅಂಗಡ್ಯಾಗ ಸಂಶಯ ಬಂದಿತ್ತು," ಎಂದರು.

ಮರುದಿನ ಇಬ್ಬರೂ ಕೋಠಿಗೆ ಹೋದರು. ಪುಸ್ತಕ ಸಂತೆಯ ಚೀಲದಲ್ಲಿತ್ತು. ಬಸ್ಸಿನಲ್ಲಿ ಅದು ವೈಜನಾಥರ ತೊಡೆಯ ಮೇಲೆ ಕೂತು ಕಾಲು ಜೋಮು ಹಿಡಿಸಿತು. ಮಲ್ಲಣ್ಣ ಎಲ್ಲ ಕೇಳಿಸಿಕೊಂಡು ಆಕಳಿಸಿದ.

"ಸರ, ಜರ್ಮನ್‌ರು ತಮ್ಮ ಭಾಷಾಕ್ಕ ಡಾಯಿಚ್ ಅಂತಾರ. ಇಂಗ್ಲಿಷನ್ನೂ ಹಂಗ ಬರೀತಾರ. ಅದು ಅವ್ರ ಸ್ಪೆಲಿಂಗು."

"ಜರ್ಮನ್‌ರು ಜರ್ಮನ್‌ಗೆ ಜರ್ಮನ್ ಅನ್ನೂದಿಲ್ಲಂತ!" ಹಣಮಂತರಾಯರು ಅಂಗಡಿಯಲ್ಲಿದ್ದ ಗಿರಾಕಿಗಳತ್ತ ತಿರುಗಿದರು. "ಕೇಳ್ರಿ! ನಾವು ಕನ್ನಡಕ್ಕ ಕನ್ನಡ ಅನ್ನೂದಿಲ್ಲೇನು?"

"ಬೇಕಾದ್ರ ಎಲ್ಲಾ ನೋಡ್ರಿ," ಎಂದು ಮಲ್ಲಣ್ಣ ಉಳಿದ ಡಿಕ್ಷನರಿಗಳನ್ನೂ ತೆರೆದಿಟ್ಟ. ಎಲ್ಲದರಲ್ಲೂ ಡಾಯಿಚ್. ಎಲ್ಲದರಲ್ಲೂ ಆ ಸಿ.

ಬೇರೆ ಯಾರಿಗಾದರೂ ಇಲ್ಲಿ ಜ್ಞಾನೋದಯವಾಗುತ್ತಿತ್ತು. ಹಣಮಂತರಾಯರಿಗೆ ಮೋಸದ ಜಾಲ ಎಷ್ಟು ವಿಶಾಲವಾದದ್ದೆಂದು ತಿಳಿಯಿತು. ಅಲ್ಲೇ ನಿಂತು ಗುರುಬಸವನಿಗೆ ಫೋನು ಮಾಡಿದರು. "ಸಾವಕಾರ್ರ, ಪುಸ್ತಕಾನ ಬೋಗಸ್ ಐತಿ. ಒಳಗ ಜರ್ಮನ್ ಅಂತ ಇಲ್ಲ, ಡಾಯಿಚ್ ಅಂತ ಐತಿ. ನಾನು ಹೇಳೂದಲ್ಲ, ನಿಮ್ಮ ವೈಜನಾಥರು ಹೇಳಾಕತ್ತಾರ." ವೈಜನಾಥರು ಕೈ ಎತ್ತಿ ಏನೋ ಹೇಳಬೇಕೆನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು. "ನಡೀರಿ ಠಾಣೆಗೆ," ಎಂದರು ಹಣಮಂತರಾಯರು. ದಾರಿಯುದ್ದಕ್ಕೂ ವೈಜನಾಥರು, ಬಿಸಿಲು ಬಹಳ ಇದೆ, ನಾಳೆ ಬರೋಣ ಎಂದು ಹೇಳಿ ನೋಡಿದರು. ಬಿಸಿಲಿಗೆ ಹೆದರುವ ಮನುಷ್ಯ ಖಜಾನೆಯಲ್ಲಿ ಅಷ್ಟು ಕಾಲ ಬದುಕುತ್ತಿರಲಿಲ್ಲ.

ಠಾಣೆಯ ಎಸ್‌ಐ ತೆಲುಗಿನವರು. ಕೊಲೆ, ಕಳವು, ಪಾರ್ಕಿಂಗ್ ಜಗಳ ಎಲ್ಲ ಕೇಳಿದ್ದರು. ಒಂದು ಸಿ ಹೆಚ್ಚಾಗಿದೆ ಎಂಬ ದೂರು ಇದೇ ಮೊದಲು. ಮಲ್ಲಣ್ಣನನ್ನು ಕರೆಸಿದರು. ಅವನು ಊಟದ ಡಬ್ಬಿ ಹಿಡಿದೇ ಬಂದು ಬೆಂಚಿನ ಮೇಲೆ ಕೂತ.

"ಇದು ಜರ್ಮನ್ ಅಲ್ಲ ಎಂದು ಹೇಳುವವರು ಯಾರು?" ಎಂದು ಎಸ್‌ಐ ತೆಲುಗಿನಲ್ಲಿ ಕೇಳಿದರು.

"ಇವರು ಸಾರ್! ಜರ್ಮನಿಯವರೊಂದಿಗೆ ಇದ್ದವರು. ನೀರು ಕುಡಿದಂತೆ ಜರ್ಮನ್ ಮಾತಾಡುತ್ತಾರೆ," ಹಣಮಂತರಾಯರು ವೈಜನಾಥರನ್ನು ಮುಂದೆ ತಳ್ಳಿದರು.

ಎಸ್‌ಐ ಅವರ ಮುಖ ಅರಳಿತು. ಕುರ್ಚಿ ತರಿಸಿದರು. ಚಹ ತರಿಸಿದರು. ಅವರ ಮಗ ನಿತಿನ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದನಂತೆ. ಅಪ್ಪ ಕೇಳಿದಾಗಲೆಲ್ಲ ಜರ್ಮನ್ ಚೆನ್ನಾಗಿ ಕಲಿತಿದ್ದೇನೆ ಅನ್ನುತ್ತಾನಂತೆ. "ನಮಗೆ ಪರೀಕ್ಷೆ ಮಾಡಲು ಗೊತ್ತಿಲ್ಲ ನೋಡಿ. ದೇವರೇ ನಿಮ್ಮನ್ನು ಕಳಿಸಿದ. ಒಂದೆರಡು ಮಾತು ಆಡಿ, ಹುಡುಗ ಹೇಗಿದ್ದಾನೆ ಹೇಳಿ. ಆಮೇಲೆ ಈ ಅಂಗಡಿಯವನ ವಿಷಯ ನೋಡೋಣ."

ವೈಜನಾಥರು ಬೇಡ ಅನ್ನುವುದರೊಳಗೆ ಫೋನು ರಿಂಗಾಗಿ, ಅವರ ಕಿವಿಗೆ ಬಂತು. ಎಸ್‌ಐ ಒಂದು ಪಕ್ಕ, ಹಣಮಂತರಾಯರು ಇನ್ನೊಂದು ಪಕ್ಕ, ಬಾಗಿಲಲ್ಲಿ ಇಬ್ಬರು ಪೇದೆಗಳು. ಆ ಕಡೆಯಿಂದ "ಡ್ಯಾಡಿ?" ಎಂದು ನಿದ್ದೆಗಣ್ಣಿನ ದನಿ.

"ಗುಟೆನ್ ಮಾರ್ಗೆನ್!" ಎಂದರು ವೈಜನಾಥರು, ಠಾಣೆಯೆಲ್ಲ ಕೇಳುವಂತೆ.

ಆ ಕಡೆ ಹಾಸಿಗೆಯ ಮೇಲೆ ದಡಬಡ ಎದ್ದು ಕೂತ ಸದ್ದು. ಆಮೇಲೆ ಅಂಜಿಕೆಯಿಂದ, "ಗು... ಗುಟೆನ್ ಮಾರ್ಗೆನ್."

ಎಸ್‌ಐ ಪೇದೆಗಳ ಕಡೆ ನೋಡಿ ತಲೆಯಾಡಿಸಿದರು. ವೈಜನಾಥರ ಬಂಡವಾಳದಲ್ಲಿ ಇನ್ನು ಎರಡು ಶಬ್ದ ಉಳಿದಿದ್ದವು. ಬೆವರು ಒರೆಸಿಕೊಂಡು, ಎರಡನ್ನೂ ಒಟ್ಟಿಗೇ ಹಾಕಿದರು. "ಮುಟ್ಟರ್ ಕಪುಟ್!"

"ಅಯ್ಯೋ!" ಫೋನಿನಿಂದ ಚೀರಾಟ ಹೊರಗೆ ಬಂತು. "ಅಮ್ಮಕು ಏಮೈಂದಿ?" ಅಮ್ಮನಿಗೆ ಏನಾಯಿತೆಂದು ಹುಡುಗ ತೆಲುಗಿನಲ್ಲಿ ಕೇಳುತ್ತಿದ್ದ. "ಅಮ್ಮಾ! ಅಮ್ಮಾ!"

ಎಸ್‌ಐ ಗಾಬರಿಯಾದರು. "ಅಮ್ಮನನ್ನು ಯಾಕೆ ಕೂಗುತ್ತಿದ್ದಾನೆ?"

ಕಷ್ಟಕಾಲದಲ್ಲಿ ಮನುಷ್ಯನಿಗೆ ಎಲ್ಲಿಂದಲೋ ಬುದ್ಧಿ ಬರುತ್ತದೆ. "ತಾಯಿಯ ಆರೋಗ್ಯ ವಿಚಾರಿಸುತ್ತಿದ್ದಾನೆ ಸಾರ್," ಎಂದರು ವೈಜನಾಥರು. "ಜರ್ಮನಿಯಲ್ಲಿ ಹೀಗೆಯೇ, ಮೊದಲು ತಾಯಿಯನ್ನೇ ಕೇಳುತ್ತಾರೆ. ಸಂಸ್ಕಾರವಂತ ಹುಡುಗ."

ಎಸ್‌ಐ ಅವರ ಕಣ್ಣು ತೇವವಾಯಿತು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ದೊಡ್ಡ ಸಾಹೇಬರು ಬಂದರೆಂದು ಎಸ್‌ಐ, ಪೇದೆಗಳು ಟೋಪಿ ಸರಿಮಾಡಿಕೊಳ್ಳುತ್ತ ಓಡಿದರು. ಸೆಲ್ಯೂಟ್ ನೋಡಲು ಹಣಮಂತರಾಯರೂ ಹೋದರು. ವೈಜನಾಥರು ಫೋನಿಗೆ ಕೈ ಅಡ್ಡ ಹಿಡಿದು ತೆಲುಗಿನಲ್ಲಿ ಪಿಸುಗುಟ್ಟಿದರು: "ಬಾಬೂ, ಅಮ್ಮ ಚೆನ್ನಾಗಿದ್ದಾರೆ. ಏನೂ ಆಗಿಲ್ಲ. ಕೂಗಬೇಡ."

"ಅಮ್ಮ ಕೆಟ್ಟುಹೋದಳು ಎಂದಿರಲ್ಲ ಅಂಕಲ್!"

"ನಮ್ಮ ಸ್ಟೋರಿನಲ್ಲಿ ಅದು ನಟ್ಟು, ಬಾಬೂ."

ಆ ಕಡೆ ಹುಡುಗ ತಗ್ಗಿದ ದನಿಯಲ್ಲಿ, "ಅಂಕಲ್, ನಿಮಗೂ ಬರುವುದಿಲ್ಲವಾ?" ಎಂದ. 'ನಿಮಗೂ' ಎಂಬುದನ್ನು ವೈಜನಾಥರು ಗಮನಿಸಿದರು. "ನನ್ನ ಪಾಠ ಎಲ್ಲ ಇಂಗ್ಲಿಷಿನಲ್ಲಿ. ರೂಮಿನವರೆಲ್ಲ ವರಂಗಲ್ಲಿನವರು. ಡ್ಯಾಡಿಗೆ ಹೇಳಬೇಡಿ, ಕಾಲು ಹಿಡಿಯುತ್ತೇನೆ."

"ಹೇಳುವುದಿಲ್ಲ. ನೀನು ಒಂದು ಹೇಳು. ಡಾಯಿಚ್ ಅಂದರೆ ಏನು?"

"ಅದೇ ಜರ್ಮನ್ ಅಂಕಲ್. ಇಲ್ಲಿಯವರು ತಮ್ಮ ಭಾಷೆಯನ್ನು ಹಾಗೆಯೇ ಕರೆಯುವುದು. ಬಸ್ ಸ್ಟಾಪಿನಲ್ಲೂ ಬರೆದಿರುತ್ತದೆ. ಯಾಕೆ?"

ವೈಜನಾಥರು ಬೆಂಚಿನ ಕಡೆ ನೋಡಿದರು. ಮಲ್ಲಣ್ಣ ಡಬ್ಬಿ ತೆರೆದು ಮೊಸರನ್ನ ಕಲಸುತ್ತಿದ್ದ.

ಎಸ್‌ಐ ವಾಪಸು ಬಂದಾಗ ವೈಜನಾಥರು ಎದ್ದು ನಿಂತು ಹೇಳಿದರು: "ಸಾರ್, ನಿಮ್ಮ ಮಗನ ಜರ್ಮನ್ ನನ್ನ ಜರ್ಮನ್‌ಗೆ ಸರಿಸಮ. ಈ ಪುಸ್ತಕದ ಸಂಶಯವನ್ನೂ ಅವನೇ ಬಗೆಹರಿಸಿದ. ಅಲ್ಲಿಯ ಸ್ಪೆಲಿಂಗೇ ಹೀಗಂತೆ. ಅಂಗಡಿಯವನ ತಪ್ಪೇನೂ ಇಲ್ಲ."

"ನನ್ನ ಮಗ ಅಲ್ಲಿಂದಲೇ ಕೇಸು ಬಿಡಿಸಿದ!" ಎಂದು ಎಸ್‌ಐ ಮೇಜು ಬಡಿದರು. ಪೇದೆಗಳಿಗೂ ಚಹ ಬಂತು. ಹಣಮಂತರಾಯರು ಮಾತ್ರ, "ಆದರೂ ಆ ಸಿ..." ಎನ್ನುತ್ತ ಕುಡಿದರು.

ಹೊರಗೆ ಬಂದ ಮೇಲೆ ಮಲ್ಲಣ್ಣ ಡಬ್ಬಿಯ ಮುಚ್ಚಳ ಹಾಕುತ್ತ, "ಇದನ್ನ ನಾ ಅಂಗಡ್ಯಾಗ ಹೇಳಿದ್ದೆ ಸರ," ಎಂದ.

"ಹೇಳಿದ್ದಿ. ಆದ್ರ ಆಕಳಿಸಿಕೋತ ಹೇಳಿದ್ದಿ," ಎಂದರು ವೈಜನಾಥರು. "ಆಕಳಿಸಿಕೋತ ಹೇಳಿದ್ದನ್ನ ಯಾರು ನಂಬ್ತಾರ? ತಪ್ಪಾತು ಮಾರಾಯ, ಮನಸ್ಸಿಗೆ ಹಚ್ಚಿಕೋಬ್ಯಾಡ."

ಬಸ್ ನಿಲ್ದಾಣದಲ್ಲಿ ರಶ್ಮಿಯ ಫೋನು ಬಂತು. ಅಳುತ್ತಿದ್ದಳು. "ಮಾಮಾ, ನೀವು ಅಪ್ಪಗ ಏನು ಹೇಳಿದ್ರಿ? ಪುಸ್ತಕಾನ ಬೋಗಸ್ ಅಂದಮ್ಯಾಲೆ ಕ್ಲಾಸೂ ಬೋಗಸ್, ಏಜೆನ್ಸೀನೂ ಬೋಗಸ್ ಅಂತಾರ. ನಾಳಿಂದ ಕ್ಲಾಸಿಗೆ ಹೋಗಬ್ಯಾಡ ಅಂದ್ರು. ಈ ವಾರ ನನ್ನ ಪರೀಕ್ಷಾ. ಡಾಯಿಚ್ ಅಂದ್ರ ಜರ್ಮನ್ ಅಂತ ನಾ ಬಾಯಿ ಬಡಕೊಂಡೆ. ನಿನಗೇನು ತಿಳೀತೈತಿ, ನಿಮ್ಮ ಮಾಮಾ ಜರ್ಮನ್‌ರ ಜೋಡಿ ಇದ್ದವ್ರು ಅಂತಾರ. ಬೀದರಿನ ಕಡೆಯ ಒಂದು ಸಂಬಂಧಕ್ಕೂ ಫೋನ್ ಹಚ್ಯಾರ."

ವೈಜನಾಥರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಹುಡುಗಿ ಹಗಲು ರೋಗಿಗಳ ಹಾಸಿಗೆ ಸರಿಮಾಡಿ, ಸಂಜೆ ಶಬ್ದ ಉರುಹೊಡೆದು, ಕಣ್ಣ ಕೆಳಗೆ ಕಪ್ಪು ಮಾಡಿಕೊಂಡದ್ದನ್ನು ಅವರು ನೋಡಿದ್ದರು. "ಅಳಬ್ಯಾಡವ್ವಾ. ನಾ ಬೇಗಂ ಬಜಾರಕ್ಕ ಹೊಂಟೀನಿ," ಎಂದರು. ಹಣಮಂತರಾಯರನ್ನು ಕುಷಾಯಿಗೂಡದ ಬಸ್ಸು ಹತ್ತಿಸಿ, ಒಬ್ಬರೇ ಹೋದರು.

ಗುರುಬಸವನ ಅಂಗಡಿಯಲ್ಲಿ ಆಗತಾನೆ ಮೆಣಸಿನಕಾಯಿ ಚೀಲ ಇಳಿಸುತ್ತಿದ್ದರು. ಒಳಗೆ ಕಾಲಿಟ್ಟೊಡನೆ ವೈಜನಾಥರ ಕಣ್ಣು, ಮೂಗಿನಲ್ಲಿ ನೀರು ಧಾರಾಕಾರ ಸುರಿಯತೊಡಗಿತು. ಮಾಡಬೇಕಾದ ಕೆಲಸಕ್ಕೆ ಇದು ಒಳ್ಳೆಯ ಆರಂಭವಾಗಿರಲಿಲ್ಲ.

"ಭಾವಾರ," ಎಂದರು, "ನನಗ ಜರ್ಮನ್ ಬರೂದಿಲ್ಲ."

ಗುರುಬಸವ ಗಾದಿಯಿಂದ ಎದ್ದೇ ಬಿಟ್ಟ. "ಯಾಕ ಅಳಾಕತ್ತೀರಿ? ಹುಡುಗಿ ಬಂದು ನಿಮ್ಮ ಕಾಲಿಗೆ ಬಿದ್ದಳೇನು? ಅಕಿ ಸಲುವಾಗಿ ಸುಳ್ಳು ಹೇಳಾಕ ಬಂದೀರಿ!"

"ಸುಳ್ಳಲ್ರಿ. ಖರೇನ ಬರೂದಿಲ್ಲ."

"ಜರ್ಮನ್‌ರ ಜೋಡಿ ಇದ್ದವ್ರು ನೀವು!"

"ಅವನಿಗೆ ಚಹ ಕೊಡ್ತಿದ್ದೆ. ಅಷ್ಟ."

ಹಮಾಲರು ಚೀಲ ಕೆಳಗಿಟ್ಟು ನಿಂತರು. ಎದುರಿನ ಬೆಲ್ಲದ ವ್ಯಾಪಾರಿ ದಾಟಿ ಬಂದ. "ನೋಡ್ರಿ, ಎಂಥಾ ಸಂಭಾವಿತ ಮನುಷ್ಯಾ," ಎಂದು ಗುರುಬಸವ ಅವರಿಗೆಲ್ಲ ತೋರಿಸಿದ. "ಹುಡುಗಿ ಆಸೆಗೆ ತನ್ನ ಮರ್ಯಾದಿ ಕಳಕೊಳ್ಳಾಕ ತಯಾರ ಆಗ್ಯಾನ. ವೈಜನಾಥವ್ರ, ನೀವು ಎಷ್ಟು ಬರೂದಿಲ್ಲ ಅಂದ್ರೂ ನಾ ನಂಬೂದಿಲ್ಲ."

ವೈಜನಾಥರು ವರ್ಷಗಟ್ಟಲೆ ಹೇಳಿದ ಸುಳ್ಳನ್ನು ಜನ ಒಂದು ಗಳಿಗೆಯಲ್ಲಿ ನಂಬಿದ್ದರು. ಈಗ ಹೇಳುತ್ತಿದ್ದ ನಿಜಕ್ಕೆ ಒಬ್ಬ ಗಿರಾಕಿಯೂ ಇರಲಿಲ್ಲ. ಅವರು ಮೂಗು ಒರೆಸಿಕೊಂಡರು, ಸೀನಿದರು, ಮತ್ತೆ ಹೇಳಿದರು. ಮೂರು ಶಬ್ದಗಳ ಕಥೆ ಹೇಳಿದರು. ನಟ್ಟು, ತಾಯಿ, ಠಾಣೆ ಎಲ್ಲ ಹೇಳಿದರು. ಹಮಾಲರು ನಕ್ಕರು. ಬೆಲ್ಲದವನು ಹೊಟ್ಟೆ ಹಿಡಿದುಕೊಂಡ. ವೈಜನಾಥರು ನಿಲ್ಲಿಸಲಿಲ್ಲ. ಕೊನೆಗೆ ಧ್ವನಿ ಬಿದ್ದುಹೋಗಿ, "ನನಗ ಬಂದಿದ್ರ, ಡಾಯಿಚ್ ಅಂದ್ರ ಜರ್ಮನ್ನ ಅಂತ ನಿನ್ನೇನ ಹೇಳ್ತಿದ್ದೆ. ಹೊರಗಿನವ್ರು ಜರ್ಮನ್ ಅಂತಾರ, ಅವ್ರ ಮನ್ಯಾಗ ಡಾಯಿಚ್ ಅಂತಾರ, ಅಷ್ಟ ಐತಿ," ಎಂದು ಒಂದು ಚೀಲದ ಮೇಲೆ ಕುಸಿದು ಕೂತರು.

ಗುರುಬಸವನ ಹುಬ್ಬು ಗಂಟಾಯಿತು. ವೈಜನಾಥರು ಕೂತ ಚೀಲವನ್ನೇ ನೋಡುತ್ತ ನಿಂತ. "ನೀವು ಕುಂತದ್ದು ಜೀರಿಗಿ ಚೀಲ. ಚೀಲದ ಮ್ಯಾಲೆ ತೆಲುಗಿನಾಗ ಜೀಲಕರ್ರ ಅಂತ ಐತಿ. ಈ ಬೆಲ್ಲದಂವ ಜೀರಾ ಅಂತಾನ. ಅಂದ್ರ... ಮಾಲು ಒಂದ, ಹೆಸರು ಬ್ಯಾರೆ?"

"ಹೌದ್ರಿ."

"ಪುಸ್ತಕ ಅಸಲಿ?"

"ಅಸಲಿ."

"ಅಯ್ಯ, ಇಷ್ಟಕ್ಕ ಇಷ್ಟು ಅತ್ತೀರಿ! ಇದನ್ನ ಮೊದಲ ಹೇಳಬಾರದಾಗಿತ್ತೇನು? ನಿಮಗ ಜರ್ಮನ್ ಬರಲಿ ಬಿಡಲಿ, ಅದನ್ನ ತಗೊಂಡು ನಾ ಏನು ಮಾಡ್ಲಿ?" ಗುರುಬಸವ ಗಾದಿಯ ಮೇಲೆ ಕೂತು ಮನೆಗೆ ಫೋನು ಹಚ್ಚಿದ. "ರಶ್ಮೀ, ನಾಳೆ ಕ್ಲಾಸಿಗೆ ಹೋಗು. ಹೂಂ, ಪರೀಕ್ಷಾನೂ ಬರಿ. ಆಂ? ಜರ್ಮನೀಗಾ?" ಬೆಲ್ಲದವನ ಕಡೆ ಬೆನ್ನು ತಿರುಗಿಸಿದ. ಅವನ ಕಣ್ಣಿನಲ್ಲೂ ನೀರಿತ್ತು. ಮೆಣಸಿನಕಾಯಿ ವ್ಯಾಪಾರದಲ್ಲಿ ಅಷ್ಟು ವರ್ಷ ಕಳೆದವನಿಗೆ ಅದು ಘಾಟಿನಿಂದ ಬರುವ ಸಂಭವ ಕಡಿಮೆ. "ಪಾಸ್ ಆದ್ರ ಹೋಗವ್ವಾ. ಯಾರು ಬ್ಯಾಡಂದಾರ?"

ಆಸ್ಪತ್ರೆಗೆ ಎರಡು ದಿನ ರಜೆ ಹಾಕಿದ್ದ ರಶ್ಮಿ ಮರುದಿನ ಸಂಜೆ ಕ್ಲಾಸು ಮುಗಿಸಿಕೊಂಡೇ ಕುಷಾಯಿಗೂಡಕ್ಕೆ ಬಂದಳು. ಅತ್ತೆಯ ಮನೆ ಶಾಂತ, ಓದಲು ಸರಿ ಎಂದಳು. ಡಿಕ್ಷನರಿಯನ್ನು ಮಾಮನ ಕೈಗೆ ಕೊಟ್ಟು, "ನೀವು ಇಂಗ್ಲಿಷ್ ಶಬ್ದ ಕೇಳ್ರಿ ಮಾಮಾ, ನಾ ಜರ್ಮನ್ ಹೇಳ್ತೀನಿ. ತಪ್ಪಾದ್ರ ಅದರಾಗ ನೋಡಿ ತಿದ್ರಿ," ಎಂದಳು. ವೈಜನಾಥರು ಕೇಳಿದರು. ಜ್ವರ ಕೇಳಿದರು, ಗಾಯ ಕೇಳಿದರು, ದಿಂಬು ಕೇಳಿದರು. ಅವಳು ತಡವರಿಸದೆ ಹೇಳುತ್ತ ಹೋದಳು. ಒಂದು ಕಡೆ ತಪ್ಪಿದಾಗ ವೈಜನಾಥರು ಪುಟ ತಿರುವಿ, ಬೆರಳಿಟ್ಟು ಓದಿ ತಿದ್ದಿದರು. ನಿಜವಾಗಿ ಗೊತ್ತಿದ್ದು ಹೇಳಿದ ಅವರ ಮೊದಲ ಜರ್ಮನ್ ಶಬ್ದ ಅದು. ಅದನ್ನು ಅವರು ಯಾರ ಮುಂದೆಯೂ ಕೊಚ್ಚಿಕೊಳ್ಳಲಿಲ್ಲ. ಇನ್ನೂ ಒಂದು ಪುಟ ಆಗುವುದರೊಳಗೆ ಪುಸ್ತಕ ಎದೆಯ ಮೇಲೆ ಒರಗಿತು, ಬಾಯಿ ತೆರೆಯಿತು, ಗೊರಕೆ ಕೇಳಿಸಿತು.

ಬಾಗಿಲು ಬಡಿದ ಸದ್ದು. ಹಣಮಂತರಾಯರು. "ವೈಜನಾಥರು ಅದಾರೇನ್ರಿ? ಮೂರನೇ ಮಹಡಿ ತುಳಸಾಬಾಯಿಯವರ ಅಳಿಯನಿಗೆ ಫ್ರಾನ್ಸಿನ ಕಂಪನಿಯಿಂದ ಫೋನ್ ಬರಾಕತ್ತೈತಿ. ಜರ್ಮನಿ, ಫ್ರಾನ್ಸು ಬಾಜು ಬಾಜು ಅಲ್ಲೇನು? ಇವರಿಗೆ ಅದೂ ಬರ್ತಿರಬೇಕು ಅಂತ ಕೇಳಾಕ ಬಂದೆ."

ಸುಂದರಾಬಾಯಿ ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲನ್ನು ಅರ್ಧ ಮುಚ್ಚಿ, ದನಿ ತಗ್ಗಿಸಿ ಹೇಳಿದಳು:

"ಎಬ್ಬಿಸಬ್ಯಾಡ್ರಿ. ನಿನ್ನೆ ಹೋಗಿ 'ನನಗ ಬರೂದಿಲ್ಲ' ಅಂತ ಹೇಳಿ ಬಂದಾರ. ಭಾಳ ದಣದಾರ."